ತಾಡಪತ್ರಿ ಕುದುರೆಯ ಮೈಮೇಲೆ ಬೇಡ, ತಲೆಮೇಲೆ ಕಟ್ಟಿ

ಡಿಸೆಂಬರ್ ಬಂತೆಂದರೆ ಕುದುರೆ ಸಾಕಿದವರು ಕೈಗೆ ಸಿಕ್ಕಿದ್ದನ್ನು ತಂದು ಅದರ ಮೈಮೇಲೆ ಎಳೆಯುತ್ತಾರೆ. ಒಬ್ಬರದು ಹಳೇ ತಾಡಪತ್ರಿ. ಇನ್ನೊಬ್ಬರದು ಗೊಬ್ಬರದ ಚೀಲ ಬಿಚ್ಚಿ ಹೊಲಿದ ಹಾಳೆ. ಮತ್ತೊಬ್ಬರದು ಮನೆಯಲ್ಲಿ ಹರಿದುಹೋದ ಮಿಂಕ್ ಬ್ಲಾಂಕೆಟ್. ಮೇಲೊಂದು ಹುರಿ ಹಗ್ಗ ಬಿಗಿದು ಕಟ್ಟಿ, ಇನ್ನು ಥಂಡಿ ಹತ್ತುವುದಿಲ್ಲ ಅಂತ ಒಳಗೆ ಹೋಗಿ ಮಲಗುತ್ತಾರೆ.

ನಾವು ಇದನ್ನು ವಿರೋಧಿಸುತ್ತೇವೆ. ಕುದುರೆಗೆ ಹೊದಿಕೆಯೇ ಬೇಡ ಅನ್ನುವವರು ನಾವಲ್ಲ. ನಮ್ಮ ಮಾತು ಇಷ್ಟೇ. ಮೊದಲು ಬೆನ್ನು ಒಣಗಿರಲಿ. ಗಾಳಿಗೆ ಒಂದು ತಡೆ ಇರಲಿ. ರಾತ್ರಿ ಅಗಿಯಲು ಒಣ ಮೇವು ಇರಲಿ. ಈ ಮೂರೂ ಆದ ಮೇಲೆ ಹೊದಿಕೆ ಬೇಕಾದ ಕುದುರೆ ಯಾವುದು ಅಂತ ನೋಡಿ, ಅದಕ್ಕೆ ನಮ್ಮ ಕಂಬಳಿಯನ್ನೇ ಅಳತೆಗೆ ಹೊಲಿಸಿ ಹಾಕಿ. ಪ್ಲಾಸ್ಟಿಕ್ ಮಾತ್ರ ಹಾಕಬೇಡಿ.

ಇದು ಶ್ರೀಮಂತರ ರೇಸ್ ಕುದುರೆಯ ಮಾತಲ್ಲ. ಅವಕ್ಕೆ ಲಾಯ ಇದೆ, ಆಳು ಇದ್ದಾರೆ, ಡಾಕ್ಟರ್ ಇದ್ದಾರೆ. ನಾವು ಮಾತಾಡುತ್ತಿರುವುದು ದುಡಿಯುವ ಕುದುರೆಯ ಬಗ್ಗೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಹೊರಟಾಗ ಹಾಸಿಗೆ, ಪಾತ್ರೆ, ಆಗತಾನೇ ಹುಟ್ಟಿದ ಮರಿ, ಕೋಳಿ, ಕೆಲವು ಸಲ ಮನೆಯ ಮಗುವನ್ನೂ ಹೊರುವ ತಟ್ಟು ಕುದುರೆ. ವಿಜಯಪುರದಲ್ಲಿ ಗೋಳಗುಮ್ಮಟದ ಮುಂದೆ ಗಿರಾಕಿಗೆ ಕಾಯುವ ಟಾಂಗಾ ಕುದುರೆ. ಮೈಸೂರಿನ ಜಟಕಾ ಕುದುರೆ. ಮದುವೆ ಸೀಸನ್ನಿನಲ್ಲಿ ಮದುಮಗನನ್ನು ಹೊರುವ ಬಿಳಿ ಕುದುರೆ.

ಇವು ವರ್ಷದಿಂದ ವರ್ಷಕ್ಕೆ ಕರಗುತ್ತಿವೆ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. ಹಿಂದಿನ ಗಣತಿ ನಡೆದ 2012ಕ್ಕೆ ಹೋಲಿಸಿದರೆ ಶೇಕಡ 45ಕ್ಕಿಂತ ಹೆಚ್ಚು ಇಳಿಕೆ. ಉಳಿದಿರುವ ಒಂದು ಕುದುರೆಯ ಬೆನ್ನು ಹುಣ್ಣಾದರೆ ಟಾಂಗಾದವನಿಗೆ ವಾರಗಟ್ಟಲೆ ದುಡಿಮೆ ಇಲ್ಲ. ಕುರಿಗಾರನ ಸಂಸಾರ ಹೊರುವವರಿಲ್ಲದೆ ನಡುದಾರಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ರಾತ್ರಿ ಏನು ಹೊಚ್ಚಿದಿರಿ ಅನ್ನುವುದು ಸಣ್ಣ ಮಾತಲ್ಲ.

ನಮಗೆ ಚಳಿ, ಅದಕ್ಕೂ ಚಳಿ?

"ಕಾಕಾ, ಕುದ್ರಿಗೆ ತಾಡಪತ್ರಿ ಯಾಕ ಹೊಚ್ಚೀರಿ?" ಅಂತ ಕೇಳಿದರೆ ಉತ್ತರ ತಯಾರಿರುತ್ತದೆ. "ಮಂಜ ಬೀಳತೈತಿ ತಮ್ಮಾ. ನಾವು ಹೊಚಗೊಂಡ ಮಲಗತೀವಿ, ಅದಕ್ಕ ಬ್ಯಾಡೇನು?"

ಈ ಮಾತಿನ ಹಿಂದೆ ಅಂತಃಕರಣ ಇದೆ. ಅದಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಲೆಕ್ಕ ತಪ್ಪು.

ಮನುಷ್ಯನ ಮೈ ಬೋಳು. ಕುದುರೆಗೆ ಮೈತುಂಬ ರೋಮ ಇದೆ. ಮಳೆಗಾಲ ಮುಗಿದು ಹಗಲು ಚಿಕ್ಕದಾಗುತ್ತಾ ಬಂದಂತೆ ಅದು ಚಳಿಗಾಲದ ರೋಮ ಬಿಡುತ್ತದೆ. ಥಂಡಿ ಹತ್ತಿದಾಗ ಆ ರೋಮ ನಿಮಿರಿ ನಿಲ್ಲುತ್ತದೆ. ನಿಮಿರಿದ ರೋಮದ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಯೇ ಅದರ ಹೊದಿಕೆ. ಚರ್ಮದ ಎಣ್ಣೆ ತುಂತುರು ಹನಿಯನ್ನು ಜಾರಿಸಿಬಿಡುತ್ತದೆ. ಇದರ ಮೇಲೆ ಭಾರದ, ತೆಳ್ಳಗಿನ ಹಾಳೆ ಎಳೆದರೆ ರೋಮ ಚಪ್ಪಟೆಯಾಗಿ ಮೈಗೆ ಅಂಟುತ್ತದೆ, ಒಳಗಿನ ಗಾಳಿ ಹೋಗುತ್ತದೆ. ಒಳ್ಳೆಯ ಹೊದಿಕೆ ತೆಗೆದು ಕೆಟ್ಟ ಹೊದಿಕೆ ಹಾಕಿದ ಹಾಗಾಯಿತು.

ಎರಡನೆಯ ಮಾತು ಹೊಟ್ಟೆಯದು. ಕುದುರೆಯ ದೊಡ್ಡ ಕರುಳಿನಲ್ಲಿ ನಾರು ಹುಳಿಯುತ್ತಾ ಜೀರ್ಣವಾಗುತ್ತದೆ. ಹಾಗೆ ಹುಳಿಯುವಾಗ ಶಾಖ ಹುಟ್ಟುತ್ತದೆ. ತಿಪ್ಪೆಗುಂಡಿಗೆ ಕೈ ಹಾಕಿದರೆ ಒಳಗೆ ಬಿಸಿ ಇರುತ್ತದಲ್ಲ, ಅದೇ ಬಗೆಯ ಕೆಲಸ. ರಾತ್ರಿಯೆಲ್ಲ ಒಣ ಹುಲ್ಲು ಅಗಿಯುವ ಕುದುರೆ ತನ್ನೊಳಗೆ ಒಲೆ ಹಚ್ಚಿಕೊಂಡೇ ನಿಂತಿರುತ್ತದೆ. ಬರೀ ಹೊಟ್ಟೆಯಲ್ಲಿ ನಿಂತ ಕುದುರೆಗೆ ಮೂರು ಹೊದಿಕೆ ಹಾಕಿದರೂ ಒಲೆ ಹತ್ತುವುದಿಲ್ಲ.

ಚಳಿಗೆ ಹೊಂದಿಕೊಂಡ, ಮೈ ತುಂಬಿದ, ಒಣಗಿದ ಕುದುರೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್‌ವರೆಗೆ ವಿಶೇಷ ಶ್ರಮವಿಲ್ಲದೆ ಮೈಶಾಖ ಕಾಯ್ದುಕೊಳ್ಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ಬೆಳೆದ ದಟ್ಟ ರೋಮದ ಕುದುರೆ ಸೊನ್ನೆಗಿಂತ ಕೆಳಗೂ ತಡೆಯುತ್ತದೆ. ನಮ್ಮ ವಿಜಯಪುರ, ಬೀದರ್ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ ನಿಜ. ನಮ್ಮ ಬಯಲುಸೀಮೆ ಕುದುರೆಗಳ ರೋಮ ತೆಳ್ಳಗೆ, ಎಷ್ಟೋ ಕುದುರೆಗಳ ಮೈ ಸಣಕಲು. ಆದ್ದರಿಂದ ನಾಲ್ಕೈದು ಡಿಗ್ರಿ ರಿಯಾಯಿತಿ ಕೊಡೋಣ. ಆದರೂ ಮೈ ತುಂಬಿದ ಕುದುರೆ ಒಣ ಚಳಿಗೆ ಸಾಯುವುದಿಲ್ಲ. ಅದನ್ನು ಹಣ್ಣು ಮಾಡುವುದು ಒದ್ದೆ ಮೈ ಮತ್ತು ಬೀಸುವ ಗಾಳಿ.

ಕುದುರೆಯನ್ನೇ ಕೇಳಿದವರಿದ್ದಾರೆ

ಇದು ನಮ್ಮ ಊಹೆಯಲ್ಲ. ನಾರ್ವೆ ದೇಶದ ಪಶುವೈದ್ಯ ಸಂಶೋಧಕರು 23 ಕುದುರೆಗಳಿಗೆ ಒಂದು ಪಾಠ ಕಲಿಸಿದರು. 2016ರಲ್ಲಿ ಅದರ ವರದಿ ಪ್ರಕಟವಾಯಿತು. ಮೂರು ಬಿಳಿ ಹಲಗೆ ಇಟ್ಟರು. ಅಡ್ಡ ಗೆರೆ ಇದ್ದ ಹಲಗೆ ಅಂದರೆ "ಹೊದಿಕೆ ಹಾಕಿ". ಉದ್ದ ಗೆರೆ ಅಂದರೆ "ತೆಗೆಯಿರಿ". ಏನೂ ಗೆರೆ ಇಲ್ಲದ್ದು ಅಂದರೆ "ಇದ್ದ ಹಾಗೇ ಇರಲಿ". ಕುದುರೆ ತನ್ನ ಮೂತಿಯಿಂದ ಹಲಗೆ ಮುಟ್ಟಿ ಹೇಳಬೇಕು. ಎರಡು ವಾರದೊಳಗೆ ಅಷ್ಟೂ ಕುದುರೆಗಳು ಕಲಿತವು.

ಆಮೇಲೆ ಅವು ಕೇಳಿದ್ದೇನು? ಬಿಸಿಲು ಬಿದ್ದು ಹವೆ ಚೆನ್ನಾಗಿದ್ದ ದಿನ ಹೊದಿಕೆ ಬೇಡ ಅಂದವು. ಮಳೆ, ಗಾಳಿ, ಥಂಡಿ ಕೂಡಿ ಬಂದ ದಿನ ಬೇಕು ಅಂದವು.

ನಾರ್ವೆಯ ಚಳಿ ಎಂಥದ್ದು ಅಂತ ನಿಮಗೆ ಗೊತ್ತು. ಅಲ್ಲಿನ ಕುದುರೆಯೇ ಒಳ್ಳೆಯ ಹವೆಯಲ್ಲಿ ಹೊದಿಕೆ ತೆಗೆಯಿರಿ ಅಂದರೆ, ನಮ್ಮ ಬಾಗಲಕೋಟೆಯ ಬಿಸಿಲಲ್ಲಿ ಬೆಳಗಿನ ಹತ್ತು ಗಂಟೆಯಾದರೂ ಹೊದಿಕೆ ಹೊತ್ತು ನಿಂತ ಕುದುರೆ ಏನು ಹೇಳಬೇಕು? ಹಲಗೆ ಇಟ್ಟಿದ್ದರೆ ಅದು ಒದ್ದು ಮುರಿಯುತ್ತಿತ್ತು.

ಯಾವುದು ಏನು ಮಾಡುತ್ತದೆ

ಮನೆಮನೆಯಲ್ಲಿ ಕುದುರೆಗೆ ಹೊಚ್ಚುವುದನ್ನು ಒಂದೊಂದಾಗಿ ನೋಡೋಣ.

ತಾಡಪತ್ರಿ, ಗೊಬ್ಬರದ ಚೀಲ: ಇವು ಹೊರಗಿನ ನೀರು ಒಳಗೆ ಬಿಡುವುದಿಲ್ಲ. ಒಳಗಿನ ಬೆವರು ಹೊರಗೂ ಬಿಡುವುದಿಲ್ಲ. ಕುದುರೆಯ ಮೈ 37.5ರಿಂದ 38.5 ಡಿಗ್ರಿ ಬಿಸಿ. ರಾತ್ರಿ ಆ ಹಬೆ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ ಬೆನ್ನ ಮೇಲೇ ಇಳಿಯುತ್ತದೆ. ಬೆಳಿಗ್ಗೆ ತೆಗೆದು ನೋಡಿ, ಒಳಮೈ ಒದ್ದೆ ಇರುತ್ತದೆ. ಮಂಜಿನಿಂದ ಕಾಪಾಡಲು ಹೋಗಿ ನಾವೇ ರಾತ್ರಿಯಿಡೀ ನೀರು ಚಿಮುಕಿಸಿದ ಹಾಗೆ. ಹೀಗೆ ದಿನಗಟ್ಟಲೆ ಒದ್ದೆಯಾದ ಚರ್ಮಕ್ಕೆ ಸೂಕ್ಷ್ಮಜೀವಿ ಹತ್ತಿ ಬೆನ್ನು, ಪಿರ್ರೆಯ ಮೇಲೆ ಗುಳ್ಳೆಯಂಥ ಹಕ್ಕಳೆ ಏಳುತ್ತದೆ. ಹಕ್ಕಳೆ ಕಿತ್ತರೆ ರೋಮದ ಗುಚ್ಛವೇ ಜೊತೆಗೆ ಬರುತ್ತದೆ. ಅದರ ಮೇಲೆ ಜೀನು ಬಿಗಿದರೆ ಹುಣ್ಣು ಖಾತ್ರಿ.

ಮಿಂಕ್ ಬ್ಲಾಂಕೆಟ್: ಮುಟ್ಟಲು ಮೆತ್ತಗೆ, ನೋಡಲು ಚೆಂದ. ಅದು ಮಂಚದ ಮೇಲೆ ಮಲಗುವ ಮನುಷ್ಯನಿಗೆ ಮಾಡಿದ್ದು. ನಿಂತ ಕುದುರೆಯ ಮೇಲಿಂದ ಜಾರುತ್ತದೆ. ಜಾರಬಾರದು ಅಂತ ಹಗ್ಗ ಬಿಗಿಯುತ್ತೀರಿ. ಹಗ್ಗ ಬೆನ್ನೆಲುಬಿನ ಮೇಲೆ ಕೂರುತ್ತದೆ. ರಾತ್ರಿ ಕುದುರೆ ಮಲಗಿ ಏಳುವಾಗ ಬ್ಲಾಂಕೆಟ್ ಹೊಟ್ಟೆಯ ಕೆಳಗೆ ಸುತ್ತಿಕೊಂಡರೆ ಕಾಲು ಸಿಕ್ಕಿ ಬೀಳಬಹುದು.

ಕೌದಿ: ಅವ್ವ, ಅಜ್ಜಿ ಹಳೇ ಸೀರೆ ಸೇರಿಸಿ ಹೊಲಿದ ಕೌದಿಯಷ್ಟು ಬೆಚ್ಚಗಿನದು ನಮಗೆ ಬೇರೆ ಇಲ್ಲ. ಆದರೆ ಅದು ಹತ್ತಿ. ಹತ್ತಿ ನೀರು ಕುಡಿದರೆ ಭಾರವಾಗಿ ತಣ್ಣಗೆ ಕೂರುತ್ತದೆ, ಬೇಗ ಒಣಗುವುದಿಲ್ಲ. ಸೂರಿನ ಕೆಳಗೆ, ಒಣ ರಾತ್ರಿಯಲ್ಲಿ ಮಾತ್ರ ಸರಿ. ಬಯಲಲ್ಲಿ ಬೇಡ.

ಗೋಣಿಚೀಲ: ಸೆಣಬಿನ ಗೋಣಿಗೆ ಒಂದು ಒಳ್ಳೆಯ ಗುಣ ಇದೆ. ಗಾಳಿ ಆಡುತ್ತದೆ, ತೇವ ಹೀರುತ್ತದೆ. ಒದ್ದೆ ಮೈ ಒಣಗಿಸಲು ಒಂದೆರಡು ತಾಸು ಹಾಕಿದರೆ ಬಹಳ ಉಪಯೋಗ. ಇಡೀ ರಾತ್ರಿಗೆ ಸಾಲದು. ಹಿಂಡಿ, ಗೊಬ್ಬರ, ಔಷಧಿ ತುಂಬಿದ್ದ ಚೀಲವಂತೂ ಬೇಡವೇ ಬೇಡ, ಚರ್ಮಕ್ಕೆ ಉರಿ ಹತ್ತುತ್ತದೆ.

ಕಂಬಳಿ: ಉಣ್ಣೆಯ ಗುಣವೇ ಬೇರೆ. ತನ್ನ ತೂಕದ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿನಷ್ಟು ತೇವ ಒಳಗೆಳೆದುಕೊಂಡರೂ ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ. ಬೆವರಿನ ಹಬೆಯನ್ನು ಹೊರಗೆ ಬಿಡುತ್ತದೆ. ನಡುವೆ ಗಾಳಿ ಹಿಡಿದಿಡುತ್ತದೆ. ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಜಿಟಿಜಿಟಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಹಿಂದೆ ನಿಂತವನಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ. ತನ್ನ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುದುರೆಗೆ ಪ್ಲಾಸ್ಟಿಕ್ ಹೊಚ್ಚುವುದು ಯಾಕೆ ಅನ್ನುವುದೇ ನಮ್ಮ ಪ್ರಶ್ನೆ.

ಕಂಬಳಿಗೂ ಕೊರತೆ ಇದೆ, ಮುಚ್ಚಿಡುವುದಿಲ್ಲ. ಧಾರಾಕಾರ ಮಳೆಯಲ್ಲಿ ನೆನೆದರೆ ಬಂಡೆಯಷ್ಟು ಭಾರ. ಹೊಸದು ಬಿರುಸು, ಚುಚ್ಚುತ್ತದೆ. ಇದಕ್ಕೆಲ್ಲ ಮದ್ದು ಇದೆ, ಮುಂದೆ ಹೇಳುತ್ತೇವೆ.

"ನಮ್ಮ ಹತ್ರ ರೊಕ್ಕ ಎಲ್ಲೈತಿ?"

ಇದು ನ್ಯಾಯವಾದ ಮಾತು. ತಾಡಪತ್ರಿ ಮನೆಯಲ್ಲೇ ಇದೆ, ಕಂಬಳಿಗೆ ದುಡ್ಡು ಕೊಡಬೇಕು.

ಹಾಗಾದರೆ ಆ ತಾಡಪತ್ರಿಯನ್ನೇ ಬಳಸಿ. ಆದರೆ ಕುದುರೆಯ ಮೈಗೆ ಸುತ್ತಬೇಡಿ, ತಲೆಮೇಲೆ ಕಟ್ಟಿ. ನಾಲ್ಕು ಗೂಟ, ಒಂದು ಇಳಿಜಾರು, ಸೂರು ಆಯಿತು. ಬಯಲಲ್ಲಿ ಕುರಿ ತರುಬಿದ ರಾತ್ರಿ ನಾಲ್ಕು ಗೂಟ ಸಿಗದಿದ್ದರೆ ಎರಡೇ ಗೂಟ ನೆಟ್ಟು ಗಾಳಿ ಬರುವ ಕಡೆ ಗೋಡೆಯ ಹಾಗೆ ಕಟ್ಟಿ. ಚಳಿಗಾಲದಲ್ಲಿ ನಮ್ಮಲ್ಲಿ ಹೆಚ್ಚಾಗಿ ಬೀಸುವುದು ಮೂಡಗಾಳಿ. ಪೂರ್ವದ ಕಡೆ ಒಂದು ಮರೆ ಇದ್ದರೆ ಅರ್ಧ ಚಳಿ ಹೋಯಿತು. ಬೇಲಿ, ಬಣವೆ, ಟ್ರ್ಯಾಕ್ಟರ್ ಟ್ರಾಲಿ, ಯಾವುದರ ಮರೆಯಾದರೂ ಆದೀತು. ಕುದುರೆ ತಾನಾಗಿಯೇ ಗಾಳಿಗೆ ಬೆನ್ನು ಕೊಟ್ಟು ತಿರುಗಿ ನಿಲ್ಲುತ್ತದೆ. ಅದು ತಿರುಗುವಷ್ಟು ಹಗ್ಗ ಉದ್ದ ಬಿಡಿ. ಮೂತಿ ಗೂಟಕ್ಕೆ ಬಿಗಿದು ಕಟ್ಟಿದ ಕುದುರೆ ಗಾಳಿಗೆ ಮುಖ ಕೊಟ್ಟೇ ನಡುಗಬೇಕಾಗುತ್ತದೆ.

ಮೇವಿನ ಲೆಕ್ಕ ಹೀಗಿದೆ. ಕುದುರೆಯ 100 ಕಿಲೋ ತೂಕಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಒಣ ಮೇವು. 300 ಕಿಲೋದ ತಟ್ಟುವಿಗೆ ನಾಲ್ಕೂವರೆಯಿಂದ ಆರು ಕಿಲೋ. ಚಳಿ ಜೋರಾದ ದಿನ ಇನ್ನೊಂದು ಕಿಲೋ ಸೇರಿಸಿ, ಹೆಚ್ಚಿನ ಪಾಲು ರಾತ್ರಿ ಮಲಗುವ ಮುಂಚೆ ಹಾಕಿ. ಒಣ ಹುಲ್ಲು, ಶೇಂಗಾ ಹೊಟ್ಟು ಏನಿದ್ದರೂ ಬೂಸು ಹಿಡಿದಿರಬಾರದು. ಚಳಿ ಅಂತ ಹುರುಳಿ, ಮೆಕ್ಕೆಜೋಳ ಒಮ್ಮೆಲೇ ಹೆಚ್ಚಿಸಬೇಡಿ. ಕಾಳಿನಿಂದ ಹುಲ್ಲಿನಷ್ಟು ಒಳಶಾಖ ಹುಟ್ಟುವುದಿಲ್ಲ, ಅತಿಯಾದರೆ ಹೊಟ್ಟೆಶೂಲೆ ಬರುತ್ತದೆ, ಗೊರಸಿಗೂ ಬಾವು ಇಳಿಯುತ್ತದೆ.

ನೀರೂ ಅಷ್ಟೇ ಮುಖ್ಯ. ಸಣ್ಣ ತಟ್ಟುವಿಗೂ ದಿನಕ್ಕೆ 15 ಲೀಟರಿಗಿಂತ ಹೆಚ್ಚು ನೀರು ಬೇಕು. ಕೊರೆಯುವ ನೀರನ್ನು ಕುದುರೆ ಸರಿಯಾಗಿ ಕುಡಿಯುವುದಿಲ್ಲ. ನೀರು ಕಡಿಮೆ, ಒಣ ಮೇವು ಹೆಚ್ಚು ಆದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ನಿಲ್ಲುತ್ತದೆ. ಆ ಹೊಟ್ಟೆನೋವಿಗೆ ಕುದುರೆ ಸಾಯುತ್ತದೆ. ಬೋರಿನ ನೀರು ಆಗತಾನೇ ಎತ್ತಿದಾಗ ಉಗುರು ಬೆಚ್ಚಗಿರುತ್ತದೆ, ಆಗಲೇ ಕುಡಿಸಿ.

ಹೊದಿಕೆ ಯಾವ ಕುದುರೆಗೆ ಬೇಕು

ವಯಸ್ಸಾದ ಕುದುರೆ. ಪಕ್ಕೆಲುಬು ಕಾಣುವಷ್ಟು ಸೊರಗಿದ ಕುದುರೆ. ಜಡ್ಡಿನಿಂದ ಎದ್ದದ್ದು. ಚಿಕ್ಕ ಮರಿ. ರೋಮ ಕತ್ತರಿಸಿದ ಕುದುರೆ. ಬಿಸಿ ಊರಿನಿಂದ ಈಗಷ್ಟೇ ಕೊಂಡುತಂದದ್ದು. ಸೂರಿಲ್ಲದೆ ಬಯಲಲ್ಲಿ ಮಳೆಗಾಳಿಗೆ ನಿಲ್ಲಬೇಕಾದ್ದು. ಇವಕ್ಕೆ ಹೊದಿಕೆ ಬೇಕು.

ಸೂರಿನ ಕೆಳಗೆ ಮೇವು ತಿನ್ನುತ್ತಾ ನಿಂತ, ಮೈಕೈ ತುಂಬಿದ, ಒಣಗಿದ ಕುದುರೆಗೆ ನಮ್ಮ ಚಳಿಗೆ ಹೊದಿಕೆ ಬೇಕಿಲ್ಲ.

ಗೊತ್ತಾಗುವುದು ಹೇಗೆ? ಕಿವಿ ಮುಟ್ಟಿ ತೀರ್ಮಾನ ಮಾಡಬೇಡಿ, ಕಿವಿ ಬೇಗ ತಣ್ಣಗಾಗುತ್ತದೆ. ಮುಂಗಾಲಿನ ಸಂದಿಯ ಹಿಂದೆ, ಎದೆಯ ಪಕ್ಕ ಅಂಗೈ ಇಡಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ತಣ್ಣಗಿದ್ದು ಮೈ ನಡುಗುತ್ತಿದ್ದರೆ, ಬಾಲ ಒಳಗೆಳೆದು ಮುದುಡಿ ನಿಂತಿದ್ದರೆ ಚಳಿ ಹತ್ತಿದೆ. ಜೊತೆಗೆ ಮೇವೂ ಬಿಟ್ಟಿದ್ದರೆ ಅದು ಬರೀ ಚಳಿಯಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 38.5 ದಾಟಿದ್ದರೆ ಜ್ವರ ಇರಬಹುದು. ಹೊದಿಕೆ ಹುಡುಕುತ್ತಾ ಕೂರದೆ ಪಶು ಆಸ್ಪತ್ರೆಗೆ ಹೇಳಿ, 1962ಕ್ಕೆ ಫೋನ್ ಹಚ್ಚಿ.

ಕಂಬಳಿ ಜೂಲು ಹೊಲಿಸುವ ಬಗೆ

ಹಬ್ಬದಲ್ಲಿ ಎತ್ತಿಗೆ ಜೂಲು ಹಾಕುವವರು ನಾವು. ಕುದುರೆಗೂ ಅದೇ ಕೆಲಸ, ಅಳತೆ ಮಾತ್ರ ಸರಿಯಾಗಿರಬೇಕು.

ಎದೆಯ ನಟ್ಟನಡುವಿನಿಂದ ಹೆಗಲ ಪಕ್ಕ ಹಾಯ್ದು ಹಿಂದೆ ಪಿರ್ರೆಯ ತುದಿವರೆಗೆ ಹಗ್ಗ ಹಿಡಿದು ಅಳೆಯಿರಿ. ಅದು ಉದ್ದ. ಬೆನ್ನ ಮೇಲೆ ಹಾಸಿದಾಗ ಎರಡೂ ಬದಿಗೆ ಹೊಟ್ಟೆ ಮುಚ್ಚಿ ಅಂಚು ಮೊಳಕಾಲಿಗಿಂತ ಮೇಲೇ ನಿಲ್ಲಬೇಕು. ಉದ್ದ ಬಿಟ್ಟರೆ ಕುದುರೆ ತುಳಿಯುತ್ತದೆ.

ಕುತ್ತಿಗೆ ಬೆನ್ನು ಸೇರುವಲ್ಲಿ ಒಂದು ಎತ್ತರದ ಎಲುಬು ಇದೆ. ಹೊದಿಕೆಯ ಮುಂದಿನ ಅಂಚು ಆ ಎಲುಬಿಗಿಂತ ಸ್ವಲ್ಪ ಮುಂದೆ ಕೂರಬೇಕು. ಅದರ ಮೇಲೆಯೇ ಒತ್ತಿದರೆ ಮೊದಲು ರೋಮ ಉದುರುತ್ತದೆ, ಆಮೇಲೆ ಹುಣ್ಣು. ಆ ಜಾಗದಲ್ಲಿ, ಎರಡೂ ಹೆಗಲ ಮೇಲೆ, ಕಂಬಳಿಯ ಒಳಗೆ ಹಳೇ ಮೆತ್ತನೆ ಬಟ್ಟೆಯ ಅಸ್ತರಿ ಹಾಕಿಸಿ. ಬಿರುಸಿಗೆ ಅದೇ ಮದ್ದು. ಹಳೇ ಕಂಬಳಿ ಇನ್ನೂ ಒಳ್ಳೆಯದು, ಮೆತ್ತಗಾಗಿರುತ್ತದೆ.

ಎದೆಯ ಮುಂದೆ ಎರಡು ಪಟ್ಟಿ. ಹೊಟ್ಟೆಯ ಕೆಳಗೆ ಎರಡು ಅಗಲ ಪಟ್ಟಿ, ಒಂದಕ್ಕೊಂದು ಅಡ್ಡ ಹಾಯುವ ಹಾಗೆ. ಪಟ್ಟಿ ಮತ್ತು ಹೊಟ್ಟೆಯ ನಡುವೆ ಒಂದು ಅಂಗೈ ಅಗಲ ಜಾಗ ಇರಲಿ. ಬೆನ್ನ ಮೇಲಿಂದ ಹುರಿ ಹಗ್ಗ ಸುತ್ತಿ ಬಿಗಿಯುವುದು ಬೇಡವೇ ಬೇಡ. ಹಾಕಿದ ಮೇಲೆ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ, ತಲೆ ಬಗ್ಗಿಸಿ ಮೇವು ತಿನ್ನಿಸಿ ನೋಡಿ. ಹೆಗಲು ಹಿಡಿಯುತ್ತಿದ್ದರೆ ಬಿಚ್ಚಿ ಸರಿ ಮಾಡಿ.

ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತೆಗೆಯಿರಿ. ಕಂಬಳಿಯನ್ನು ಬಿಸಿಲಿಗೆ ಹರವಿ, ಕುದುರೆಯ ಮೈ ಉಜ್ಜಿ. ಹೊದಿಕೆ ಹಾಕಿದರೆ ಕುದುರೆ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ದಿನಾ ಕೈಯಿಂದ ಪಕ್ಕೆಲುಬು ಮುಟ್ಟಿ ನೋಡಿ. ಹುಣ್ಣು ಮೊದಲ ದಿನವೇ ಕಣ್ಣಿಗೆ ಬಿದ್ದರೆ ಎರಡು ದಿನದ ಮಾತು, ಹದಿನೈದು ದಿನ ಬಿಟ್ಟು ಕಂಡರೆ ಎರಡು ತಿಂಗಳ ಮಾತು.

ದುಡ್ಡಿದ್ದು ಅಂಗಡಿಯ ರಗ್ಗು ಕೊಳ್ಳುವವರಿಗೆ ಎರಡು ಮಾತು. ಅದರ ಮೇಲೆ 100, 200, 300 ಗ್ರಾಂ ಅಂತ ಬರೆದಿರುತ್ತದೆ. ಅದು ಇಡೀ ರಗ್ಗಿನ ತೂಕವಲ್ಲ, ಒಂದು ಚದರ ಮೀಟರಿಗೆ ಒಳಗೆ ತುಂಬಿದ ಹತ್ತಿಯಂಥ ನಾರಿನ ತೂಕ. 300 ಗ್ರಾಂನದ್ದು ಹಿಮ ಬೀಳುವ ದೇಶಕ್ಕೆ. ನಮ್ಮ ಬಯಲಿನಲ್ಲಿ ಅದನ್ನು ಹಾಕಿದರೆ ಕುದುರೆ ಬೇಯುತ್ತದೆ. ನಮಗೆ ತುಂಬು ಇಲ್ಲದ ಅಥವಾ ಹೆಚ್ಚೆಂದರೆ 100 ಗ್ರಾಂನದ್ದು ಸಾಕು. ಡೀನಿಯರ್ ಅನ್ನುವುದು ಹೊರಬಟ್ಟೆಯ ನೂಲು ಎಷ್ಟು ದಪ್ಪ ಅನ್ನುವ ಲೆಕ್ಕ. ಅದು ಹರಿಯದಿರಲು, ಬೆಚ್ಚಗಿರಲು ಅಲ್ಲ. ನೀರು ಒಳಗೆ ಬಿಡದೆ ಬೆವರು ಹೊರಗೆ ಬಿಡುವ ಬಟ್ಟೆ ಹೌದೋ ಅಲ್ಲವೋ ಕೇಳಿ. ಅಲ್ಲ ಅಂದರೆ ಅದು ಬಣ್ಣ ಬಳಿದ ತಾಡಪತ್ರಿಯೇ.

ಬೆವರಿದ ಮೈಗೆ ಒಮ್ಮೆಲೇ ಹೊಚ್ಚಬೇಡಿ

ಸಂಜೆ ಟಾಂಗಾ ಬಿಚ್ಚಿದ ತಕ್ಷಣ, ಬೆವರು ಸುರಿಯುವ ಕುದುರೆಯ ಮೇಲೆ ಹೊದಿಕೆ ಎಸೆದು ಕಟ್ಟಿಹಾಕುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಬೆವರು ಒಳಗೇ ನಿಂತು ರಾತ್ರಿ ತಣ್ಣಗಾಗುತ್ತದೆ. ಒಣ ಚಳಿಗಿಂತ ಇದು ಹತ್ತು ಪಾಲು ಕೆಟ್ಟದ್ದು.

ಮೊದಲು ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆಸಿ. ಒಣ ಹುಲ್ಲಿನ ಹಿಡಿಯಿಂದ ರೋಮ ಎಬ್ಬಿಸುವ ಹಾಗೆ ಉಜ್ಜಿ. ಗಾಳಿ ಇದ್ದರೆ ಬೆನ್ನ ಮೇಲೆ ಒಣ ಹುಲ್ಲು ದಪ್ಪಗೆ ಹರವಿ, ಮೇಲೊಂದು ಶುದ್ಧ ಗೋಣಿಚೀಲ ಹಾಕಿ. ಹುಲ್ಲಿನ ನಡುವೆ ಗಾಳಿ ಆಡಿ ಮೈ ಒಣಗುತ್ತದೆ. ಆಮೇಲೆ ಗೋಣಿ, ಹುಲ್ಲು ತೆಗೆದು, ಬೇಕಾದರೆ ಕಂಬಳಿ. ಇದಕ್ಕೆ ಬೇಕಾದ್ದು ಮುಕ್ಕಾಲು ತಾಸು. ದುಡ್ಡು ಒಂದು ಪೈಸೆಯೂ ಬೇಡ.

ಹಂಚುವವರಿಗೂ ನಾಲ್ಕು ಮಾತು

ಚಳಿಗಾಲದಲ್ಲಿ ದಾನಿಗಳು ಬರುತ್ತಾರೆ. ಒಂದೇ ಅಳತೆಯ ಐವತ್ತು ಬ್ಲಾಂಕೆಟ್ ತರುತ್ತಾರೆ, ಕುದುರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಾಲ್ಕು ದಿನ ಬಿಟ್ಟು ಬಂದು ನೋಡಿ. ಕೆಲವು ಬ್ಲಾಂಕೆಟ್ ಮನೆಯ ಹಾಸಿಗೆಯಲ್ಲಿರುತ್ತವೆ, ಅದು ತಪ್ಪೂ ಅಲ್ಲ. ಉಳಿದವು ಕುದುರೆಯ ಹೆಗಲು ಉಜ್ಜುತ್ತಿರುತ್ತವೆ. ಆ ಹಣದಲ್ಲಿ ಟಾಂಗಾ ಸ್ಟ್ಯಾಂಡಿಗೆ ಒಂದು ತಗಡಿನ ಸೂರು, ಒಂದು ನೀರಿನ ತೊಟ್ಟಿ, ಹತ್ತು ಹೊರೆ ಹುಲ್ಲು ಕೊಡಿ. ಫೋಟೋ ಅಲ್ಲೂ ಚೆನ್ನಾಗಿಯೇ ಬರುತ್ತದೆ.

ಸರ್ಕಾರದ ಕಾನೂನು ನೋಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಸಾಕಿದವನು ಪ್ರಾಣಿಗೆ ಸಾಕಷ್ಟು ಮೇವು, ನೀರು, ಸೂರು ಕೊಡದಿದ್ದರೆ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಈ ದಂಡಕ್ಕೆ ಯಾರೂ ಹೆದರುವುದಿಲ್ಲ. ಅದಿರಲಿ, ಸೂರು ಕೊಡು ಅಂತ ಟಾಂಗಾದವನಿಗೆ ಹೇಳುವ ಊರು ಅವನಿಗೆ ನಿಲ್ಲಲು ಜಾಗ ಕೊಟ್ಟಿದೆಯೇ? ಬಸ್ಸಿಗೆ ನಿಲ್ದಾಣ ಇದೆ, ಆಟೋಗೆ ಸ್ಟ್ಯಾಂಡ್ ಇದೆ. ಟಾಂಗಾ ಕುದುರೆ ಬಹಳ ಕಡೆ ರಸ್ತೆ ಬದಿಯಲ್ಲೇ ಗಾಳಿಗೆ ನಿಲ್ಲಬೇಕು. ಪಂಚಾಯ್ತಿ, ಪುರಸಭೆಯವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಕಂಬಳಿಯ ಮಾತಿಗೆ ಬಂದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಸಭೆ ಸಮಾರಂಭದಲ್ಲಿ ನಾಯಕರ ಹೆಗಲಿಗೆ ಕಂಬಳಿ ಹೊದಿಸಿ ಚಪ್ಪಾಳೆ ತಟ್ಟುತ್ತೇವೆ. ಆ ಕಂಬಳಿ ಕಾರಿನ ಹಿಂದಿನ ಸೀಟಿಗೆ ಹೋಗುತ್ತದೆ. ಚಳ್ಳಕೆರೆಯಂಥ ಕಂಬಳಿಯ ಊರುಗಳಲ್ಲಿ ನೂಲುವ ಅವ್ವಂದಿರಿಗೆ, ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗದಲ್ಲಿ ನೇಯುವವರಿಗೆ ವರ್ಷವಿಡೀ ಗಿರಾಕಿ ಬೇಕು. ದಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಬರುತ್ತಾರೆ. ಮಾಂಸಕ್ಕೆ ಬೆಲೆ ಇದೆ, ಉಣ್ಣೆಗೆ ಇಲ್ಲ ಅಂತ ಉಣ್ಣೆ ಇಲ್ಲದ ತಳಿಗೆ ತಿರುಗುತ್ತಿದ್ದಾರೆ. ಒಂದು ಕಡೆ ಉಣ್ಣೆ ಮಣ್ಣುಪಾಲು, ಇನ್ನೊಂದು ಕಡೆ ಆ ಕುರಿಗಾರನದೇ ಕುದುರೆಯ ಮೈಮೇಲೆ ಪ್ಲಾಸ್ಟಿಕ್. ಕಂಬಳಿ ನೇಯುವವರ ಸಂಘಗಳು ಕುದುರೆಗೆ, ಎತ್ತಿಗೆ, ಕರುವಿಗೆ ಅಳತೆಯ ಜೂಲು ಹೊಲಿದು ಮಾರಲು ಪಶು ಇಲಾಖೆ ಯಾಕೆ ನೆರವಾಗಬಾರದು? ದಾನಿಗಳು ಬ್ಲಾಂಕೆಟ್ ಬದಲು ಅದನ್ನೇ ಯಾಕೆ ಕೊಳ್ಳಬಾರದು?

ಇಲಾಖೆ ಏಳುವವರೆಗೆ ಕುದುರೆ ಕಾಯಲಾರದು. ಇವತ್ತು ರಾತ್ರಿ ನೀವು ಮಾಡಬಹುದಾದ್ದು ಇಷ್ಟು. ಹೊದಿಕೆ ಬಿಚ್ಚಿ, ಒಳಗೆ ಕೈ ಹಾಕಿ ನೋಡಿ. ಒದ್ದೆ ಇದ್ದರೆ ಉಜ್ಜಿ ಒಣಗಿಸಿ. ತಾಡಪತ್ರಿಯನ್ನು ಮೂಡಗಾಳಿಗೆ ಅಡ್ಡ ಕಟ್ಟಿ. ಒಂದು ಹೊರೆ ಹುಲ್ಲು ಹಾಕಿ. ಮುದಿ ಕುದುರೆಯೋ, ಸೊರಗಿದ್ದೋ ಆಗಿದ್ದರೆ ಮನೆಯ ಅಟ್ಟದ ಮೇಲಿರುವ ಹಳೇ ಕಂಬಳಿ ಇಳಿಸಿ. ಪಕ್ಕದ ದಡ್ಡಿಯಲ್ಲೋ ಸ್ಟ್ಯಾಂಡಿನಲ್ಲೋ ಪ್ಲಾಸ್ಟಿಕ್ ಹೊತ್ತು ನಿಂತ ಕುದುರೆ ಕಂಡರೆ ಅದರ ಯಜಮಾನನನ್ನು ಬೈಯಬೇಡಿ. "ಅಣ್ಣಾ, ಒಮ್ಮೆ ಒಳಗ ಕೈ ಹಾಕಿ ನೋಡು" ಅನ್ನಿ. ಅಂಗೈಗೆ ನೀರು ಹತ್ತಿದ ಮೇಲೆ ಅವನೇ ಬಿಚ್ಚುತ್ತಾನೆ.